ನಿದ್ದೆಯಿಂದೆದ್ದ ಕೋರಿಗೆ ಸಿಗುವ ಮರ್ಯಾದೆ

ನೀವು ಮೊಬೈಲನ್ನು ನೋಡಿ ಮುಗಿಸಿ ಮೇಜಿನ ಮೇಲೆ ಕವುಚಿ ಹಾಕುತ್ತೀರಲ್ಲ, ಆಗ ಅದರೊಳಗೆ ಎಂಟು ಜನ ಮಲಗಲು ಹೊರಡುತ್ತಾರೆ. ಎಂಟು ಕೋರ್ ಎಂದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿ ಮಾರುವ ಕಾಲ ಇದು. ಕೊಂಡವರು ಎಂಟೂ ಕೋರುಗಳು ಗಾಣದ ಎತ್ತಿನ ಹಾಗೆ ಹಗಲಿಡೀ ದುಡಿಯುತ್ತಿವೆ ಎಂದು ನಂಬಿಕೊಂಡಿರುತ್ತಾರೆ. ಸುಳ್ಳು. ಪ್ರೊಸೆಸರಿನ ಈ ಎಂಟು ಮೆದುಳುಗಳು ಬಹುಪಾಲು ಹೊತ್ತು ಗೊರಕೆ ಹೊಡೆಯುತ್ತಿರುತ್ತವೆ. ಹೊಡೆಯದಿದ್ದರೆ ನಿಮ್ಮ ಬ್ಯಾಟರಿ ಮಧ್ಯಾಹ್ನದ ಊಟದವರೆಗೂ ಬರುವುದಿಲ್ಲ. ಅವುಗಳನ್ನು ಕ್ರಮವಾಗಿ ಮಲಗಿಸಿ, ಕರೆ ಬಂದಾಗ ಎಬ್ಬಿಸುವ, ಯಾರ ಕಣ್ಣಿಗೂ ಬೀಳದ ಪುಟ್ಟ ತಂತ್ರಾಂಶವೊಂದಿದೆ. ಅದಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಅದನ್ನು ಬರೆಯುವುದು ನನ್ನ ಹೊಟ್ಟೆಪಾಡು.

ಇದನ್ನು ಅಮ್ಮನಿಗೆ ಒಮ್ಮೆ ವಿವರಿಸಿದೆ. ನಾವು ಹೂಡಿ ಎಂಬ ಊರಿನವರು, ಟೆಕ್ ಪಾರ್ಕುಗಳು ಬರುವ ಮುಂಚಿನಿಂದಲೂ ಅಲ್ಲೇ ಇದ್ದವರು. ಅಮ್ಮ ಅವರೆಕಾಯಿ ಸುಲಿಯುತ್ತಾ ಪೂರ್ತಿ ಕೇಳಿಸಿಕೊಂಡಳು.

"ಅಂಗಂದ್ರೆ ಮಲಗ್ಸೋದು, ಎಬ್ಬಿಸೋದು, ಅಷ್ಟೇನಾ? ಅದ್ನೇ ನಿಂಗೆ ಇಸ್ಕೂಲು ಮುಗಿಯೋಗಂಟ ಮಾಡಿದ್ನಲ್ಲೋ. ನಂಗ್ಯಾವನು ಏಸಿ ರೂಮು ಕೊಟ್ಟ?"

ನಾನೂ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯತೊಡಗಿದೆ.

ನನಗೊಂದು ಚಾಳಿ. ಕಂಡವರ ಹಾಗೆಲ್ಲ ಮಾತಾಡಿ ತೋರಿಸುವುದು. ಆಫೀಸಿನ ಕ್ಯಾಂಟೀನಿನಲ್ಲಿ ಕ್ಯಾಬ್ ಡ್ರೈವರ್, ಮ್ಯಾನೇಜರ್, ಅಮ್ಮ, ಇಂಗ್ಲಿಷಿನಲ್ಲಿ ತಡವರಿಸುವ ನಾನು, ಎಲ್ಲರೂ ನನ್ನ ಗಂಟಲಲ್ಲಿ ಸರದಿಯ ಮೇಲೆ ಬಂದು ಹೋಗುತ್ತಾರೆ. ಆದರೆ ಹೆಚ್ಚು ಚಪ್ಪಾಳೆ ಗಿಟ್ಟಿಸುವ ಅಭಿನಯ ಮಾತ್ರ ನಿದ್ದೆಯಿಂದೆದ್ದ ಕೋರಿನದು. ಕಣ್ಣು ಪಿಳಿಪಿಳಿ ಬಿಡುತ್ತಾ, "ನಾನ್ಯಾರು? ನನ್ನ ನಂಬರೆಷ್ಟು?" ಎಂದು ಪಕ್ಕದವರ ಇಡ್ಲಿಯನ್ನು ಕೇಳುತ್ತೇನೆ. ಜನ ತಮಾಷೆ ಎಂದುಕೊಳ್ಳುತ್ತಾರೆ. ನಿಜಕ್ಕೂ ಅದು ಹಾಗೇ ನಡೆಯುತ್ತದೆ.

ಕೋರ್ ಮಲಗುವುದೆಂದರೆ ನಮ್ಮ ನಿಮ್ಮ ಹಾಗೆ ಬಾಯಿ ತೆರೆದುಕೊಂಡು ಮಗುಚಿಕೊಳ್ಳುವುದಲ್ಲ. ಅದಕ್ಕೊಂದು ಶಾಸ್ತ್ರವಿದೆ. ಮೊದಲು ಕೈಯಲ್ಲಿ ಹಿಡಿದಿದ್ದ ಲೆಕ್ಕವನ್ನೆಲ್ಲ ಭದ್ರವಾದ ಜಾಗದಲ್ಲಿ ಬರೆದಿಡಬೇಕು. ತನ್ನ ಸ್ವಂತ ಕಪಾಟಿನಲ್ಲಿ ಉಳಿದಿರುವ ಹೊಸ ಸಂಗತಿಗಳನ್ನು ಎಲ್ಲರ ಉಗ್ರಾಣಕ್ಕೆ ಸಾಗಿಸಬೇಕು, ಇಲ್ಲದಿದ್ದರೆ ಉಳಿದ ಕೋರುಗಳು ಹಳಸಿದ್ದನ್ನೇ ಉಣ್ಣುತ್ತವೆ. ಆಮೇಲೆ ಕೂಟದಿಂದ ಹೊರಬಂದು, ಯಾವ ಕರೆಗೆ ಎಬ್ಬಿಸಬೇಕೆಂದು ಹೇಳಿಟ್ಟು, ಕರೆಂಟು ತೆಗೆಯಿರಿ ಎನ್ನಬೇಕು. ಕೊನೆಯಲ್ಲಿ ಮಲಗುವ ಕೋರಿಗಂತೂ ಮನೆಯ ದೀಪವಾರಿಸುವ ಜವಾಬ್ದಾರಿ ಬೇರೆ. ಇದರಲ್ಲೊಂದು ಪೇಚಿದೆ. ಇಬ್ಬರು ಒಟ್ಟಿಗೇ ಮಲಗಲು ಹೊರಟರೆ, ಅವನಿನ್ನೂ ಎದ್ದಿದ್ದಾನಲ್ಲ ಎಂದು ಇವನೂ, ಇವನಿದ್ದಾನಲ್ಲ ಎಂದು ಅವನೂ ದೀಪ ಬಿಟ್ಟು ಮಲಗಿಬಿಡುತ್ತಾರೆ. ನಮ್ಮ ಲ್ಯಾಬಿನ ಏಸಿ ವಾರಾಂತ್ಯವಿಡೀ ಖಾಲಿ ಕುರ್ಚಿಗಳಿಗೆ ಗಾಳಿ ಹಾಕುವುದು ಇದೇ ಕಾರಣಕ್ಕೆ. ಕೋರುಗಳಿಗೆ ಈ ಬುದ್ಧಿ ಕಲಿಸಿದ್ದೇವೆ. ಕಲಿಸಿದವರಿಗೆ ಕಲಿಸುವವರು ಇನ್ನೂ ಸಿಕ್ಕಿಲ್ಲ.

ಎಚ್ಚರವಾದಾಗ ಕೋರಿಗೆ ಏನೂ ನೆನಪಿರುವುದಿಲ್ಲ. ಆಗ ತಾನೇ ಹುಟ್ಟಿದ ಹಾಗೆ. ಅದು ಕೇಳುವ ಮೊದಲ ಪ್ರಶ್ನೆಯೇ ನಾನ್ಯಾರು ಎಂಬುದು. ನಮ್ಮ ವೇದಾಂತಿಗಳು ಜಾಗ್ರತ್ತು, ಸ್ವಪ್ನ, ಸುಷುಪ್ತಿ ಎಂದು ವಿಂಗಡಿಸಿ ಕಾಡು ಸೇರಿ ಗಡ್ಡ ಬೆಳೆಸಿ ಕೇಳಿಕೊಂಡ ಪ್ರಶ್ನೆಯನ್ನು ಈ ಚಿಪ್ಪು ಕಣ್ಣು ಮಿಟುಕಿಸುವುದರೊಳಗೆ ನೂರು ಸಲ ಕೇಳಿಕೊಳ್ಳುತ್ತದೆ. ವ್ಯತ್ಯಾಸವೆಂದರೆ ಇದಕ್ಕೆ ಉತ್ತರ ಸಿಗುತ್ತದೆ. ನೀನು ಮೂರನೆಯವನು, ಇಗೋ ನಿನ್ನ ಗಂಟು, ಇಗೋ ನೀನು ಬಿಟ್ಟ ಸಾಲು, ಮುಂದುವರಿಸು ಎಂದು ಫರ್ಮ್‌ವೇರ್ ಅದರ ಸಮಸ್ತವನ್ನೂ ಕೈಗಿಡುತ್ತದೆ. ಅರ್ಧ ಕೂಡಿಸಿದ ಲೆಕ್ಕ ಅಲ್ಲಿಂದಲೇ ಸಾಗುತ್ತದೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರಲ್ಲ, ಆ ಚಿಂತೆಯನ್ನು ಅವನ ಪರವಾಗಿ ಬೇರೆ ಯಾರೋ ಹೊತ್ತಿರುತ್ತಾರೆ ಎಂಬುದನ್ನು ಗಾದೆ ಕಟ್ಟಿದವರು ಹೇಳದೆ ಬಿಟ್ಟರು.

ಇಷ್ಟನ್ನೆಲ್ಲ ಯಾಕೆ ಕೊರೆದೆನೆಂದರೆ, ನನಗೆ ಸಿಟ್ಟು ಬಂದಿದೆ. ಮರಳಿನಿಂದ ಮಾಡಿದ, ಉಗುರಿನಷ್ಟಿಲ್ಲದ ಚಿಪ್ಪಿನ ಚೂರಿಗೆ ಇಷ್ಟು ಮರ್ಯಾದೆ ಕೊಡುವ ನಮ್ಮ ಆಫೀಸು, ಇದನ್ನೆಲ್ಲ ಬರೆದ ಹೆಂಗಸಿಗೆ ಅದರ ಚೂರುಪಾಲನ್ನೂ ಕೊಡಲಿಲ್ಲ.

ವಸುಧಾ ಮೇಡಂ ನನಗಿಂತ ಹಿರಿಯರು. ಮಲಗಿಸುವ ಎಬ್ಬಿಸುವ ಈ ಭಾಗ ಪೂರ್ತಿ ಅವರದೇ ಕೈಬರಹ. ನನಗೆ ಕೆಲಸ ಕಲಿಸಿದವರೂ ಅವರೇ. ಕಲಿಸುವಾಗ ಬೈದದ್ದನ್ನು ಇಲ್ಲಿ ಬರೆದರೆ ಸಂಪಾದಕರು ತೆಗೆದುಹಾಕುತ್ತಾರೆ. ಹೆರಿಗೆ ರಜೆಗೆ ಹೋಗುವ ಮುಂಚೆ ಅವರು ಒಳ್ಳೆಯ ಕೋರಿನ ಹಾಗೆ ನಡೆದುಕೊಂಡರು. ಅರ್ಧಕ್ಕೆ ನಿಂತದ್ದನ್ನು ಮುಗಿಸಿದರು. ತಲೆಯೊಳಗಿದ್ದ ಗುಟ್ಟುಗಳನ್ನೆಲ್ಲ ನಮಗೆ ದಾಟಿಸಿದರು. "ಮನೆಗೆ ಬೆಂಕಿ ಬಿದ್ರೆ ಮಾತ್ರ ಎಬ್ಸಿ, ಬೀಡಿ ಹಚ್ಚೋಕೆಲ್ಲ ಎಬ್ಬಿಸ್ಬೇಡಿ" ಎಂದು ನಕ್ಕು ಹೋದರು.

ವಾಪಸು ಬಂದ ದಿನ ಅವರ ಕಾರ್ಡಿಗೆ ಬಾಗಿಲು ತೆರೆಯಲಿಲ್ಲ. ಸೆಕ್ಯುರಿಟಿಯವನು, "ಹೊಸಬ್ರಾ ಮೇಡಂ?" ಎಂದು ಕೇಳಿ ಕೊರಳಿಗೆ ವಿಸಿಟರ್ ಪಟ್ಟಿ ಹಾಕಿ ಒಳಗೆ ಬಿಟ್ಟ. ಅವರ ಜಾಗದಲ್ಲಿ ಪ್ರಿಂಟರ್ ಕೂತಿತ್ತು. ಅವರ ಕೆಲಸದಲ್ಲಿ ನಾನು ಕೂತಿದ್ದೆ.

ಮೋಹನ್ ಸಾರ್ ನಮ್ಮ ಮ್ಯಾನೇಜರ್. ಜೇನಿನಲ್ಲಿ ಅದ್ದಿ ಎಳೆದ ದನಿ. "ಟೇಕ್ ಇಟ್ ಈಸಿ ವಸುಧಾ. ಈಗ ತಾನೇ ಬಂದಿದ್ದೀರಿ. ಪಾಪು ಇನ್ನೂ ಚಿಕ್ಕದು. ಸ್ವಲ್ಪ ದಿನ ಆರಾಮಾಗಿ ಡಾಕ್ಯುಮೆಂಟೇಷನ್ ನೋಡ್ಕೊಂಡಿರಿ. ನಿಮ್ಮ ಕೆಲ್ಸಾನ ಮುನಿರಾಜು ನೋಡ್ಕೋತಿದಾನೆ." ಮುನಿರಾಜು ಎಂದರೆ ನಾನು. ಮೋಹನ್ ಸಾರ್ ಕೆಟ್ಟವರಲ್ಲ, ನನ್ನ ಸಿಟ್ಟಿಗೆ ಅದೇ ತೊಡಕು. ಕೆಟ್ಟವರಾಗಿದ್ದರೆ ಬೈದು ಕೈ ತೊಳೆದುಕೊಳ್ಳಬಹುದಿತ್ತು. ಒಳ್ಳೆಯತನದಿಂದ ಅನ್ಯಾಯ ಮಾಡುವವರನ್ನು ಯಾವ ದನಿಯಲ್ಲಿ ಬೈಯುವುದು?

ಅದು ಹೊಸ ಚಿಪ್ಪಿನ ವಿನ್ಯಾಸ ತೀರ್ಮಾನವಾಗುವ ತಿಂಗಳು ಬೇರೆ. ನಮ್ಮಲ್ಲೊಂದು ಪದ್ಧತಿಯಿದೆ. ರಿವ್ಯೂ ಸಭೆಯಲ್ಲಿ ಯಾರು ಎದ್ದು ನಿಂತು ವಿನ್ಯಾಸವನ್ನು ಒಪ್ಪಿಸುತ್ತಾರೋ, ಆ ಚಿಪ್ಪು ಬದುಕಿರುವವರೆಗೂ ಆ ಭಾಗ ಅವರದೇ. ತಾಳಿ ಕಟ್ಟಿದ ಹಾಗೆ. ಆ ದಿನ ವಸುಧಾ ಮೇಡಂ ನಿಲ್ಲದಿದ್ದರೆ ಅವರ ಪಾಲಿಗೆ ಡಾಕ್ಯುಮೆಂಟೇಷನ್ನೇ ಕಾಯಂ. ನನ್ನ ಕೈಲಾಗುವುದಿಲ್ಲ, ಬಿಟ್ಟುಬಿಡುತ್ತೇನೆ ಎಂದು ಅವರ ಬಳಿ ಹೋದೆ.

"ಬಿಡ್ಬೇಡ ಕಣೋ," ಎಂದರು. "ನೀನು ಬಿಟ್ರೆ ಇನ್ಯಾವನಿಗೋ ಕೊಡ್ತಾರೆ. ನೀನಾದ್ರೆ ನನ್ನ ಕೋಡನ್ನ ಸ್ವಲ್ಪ ಕಮ್ಮಿ ಹಾಳ್ಮಾಡ್ತೀಯ."

ರಿವ್ಯೂ ಶುರುವಾಯಿತು. ಮೇಜಿನ ತುದಿಯಲ್ಲಿ ವಸುಧಾ ಮೇಡಂ. ಯಾಕೆಂದಿರಿ? ಸಭೆಯಲ್ಲಿ ಆಡಿದ ಮಾತುಗಳನ್ನು ಬರೆದುಕೊಳ್ಳುವುದಕ್ಕೆ! ಆ ವಿಷಯದಲ್ಲಿ ನಮಗೆಲ್ಲ ಅಕ್ಷರಾಭ್ಯಾಸ ಮಾಡಿಸಿದವರು ನಾವು ತೊದಲುವುದನ್ನು ಬರೆದುಕೊಳ್ಳಬೇಕಂತೆ. ನನ್ನ ತಲೆಯಲ್ಲಿ ಏನೋ ಸುಟ್ಟ ವಾಸನೆ ಬಂತು. ಮಲಗಿಸುವ ಭಾಗವನ್ನು ನೆಟ್ಟಗೆ ವಿವರಿಸಿದೆ. ಎಬ್ಬಿಸುವ ಭಾಗ ಬಂದಾಗ ಗಂಟಲು ತಾನಾಗಿ ಜೇನಿನಲ್ಲಿ ಅದ್ದಿಕೊಂಡಿತು.

"ಕೋರ್ ಈಗ ತಾನೇ ಎದ್ದಿದೆ ಸಾರ್. ಪಾಪ. ಟೇಕ್ ಇಟ್ ಈಸಿ ಅನ್ನೋಣ. ಅದ್ರ ಕೆಲ್ಸಾನ ಪಕ್ಕದ ಕೋರ್ ನೋಡ್ಕೋತಿದೆ. ಇದು ಸ್ವಲ್ಪ ದಿನ ಆರಾಮಾಗಿ ಬೇರೆಯವ್ರು ಮಾಡಿದ್ದನ್ನ ಬರ್ಕೊಂಡಿರ್ಲಿ."

ಯಾರೋ ಕೆಮ್ಮಿದರು. ಮೋಹನ್ ಸಾರ್ ಮೇಜು ಗುದ್ದಿದರು.

"ಏನ್ರೀ ಮುನಿರಾಜು ಇದು? ಇದಕ್ಕೆ ಡಿಸೈನ್ ಅಂತಾರಾ? ಎದ್ದ ಕೋರ್‌ಗೆ ಅದ್ರ ಕೆಲ್ಸ ವಾಪಸ್ ಕೊಡ್ದೇ ಇದ್ರೆ ಅದನ್ನ ಮಲಗ್ಸಿದ್ದು ಹೆಂಗಾಯ್ತು? ಸಾಯ್ಸಿದಂಗಾಯ್ತಲ್ರೀ!"

"ಹೌದು ಸಾರ್," ಎಂದೆ.

ಕೋಣೆಯಲ್ಲಿದ್ದವರೆಲ್ಲ ಮೇಜಿನ ತುದಿಗೆ ನೋಡಿದರು. ಮೋಹನ್ ಸಾರ್ ಒಬ್ಬರೇ ನನ್ನನ್ನು ನೋಡುತ್ತಿದ್ದರು. ಅವರಿಗೆ ಹೊಳೆದಿರಲಿಲ್ಲ. ಅಣಕಿಸುವವನ ದೊಡ್ಡ ದೌರ್ಭಾಗ್ಯ ಇದು. ಊರಿಗೆಲ್ಲ ಅರ್ಥವಾಗುತ್ತದೆ, ಅಣಕಿಸಿಕೊಂಡವರಿಗೆ ಮಾತ್ರ ಅದು ಬೇರೆ ಯಾವನೋ ಪೆದ್ದನ ದನಿಯಂತೆ ಕೇಳಿಸುತ್ತದೆ.

"ನಿಮ್ಮ ಕೈಲಾಗಲ್ಲ ಬಿಡ್ರಿ," ಎಂದರು. "ವಸುಧಾ, ಒಂಚೂರು ನೀವೇ ನೋಡ್ಕೊಂಬಿಡಿ. ಈ ಹುಡುಗ ಕಲಿಯೋ ತನಕ."

ಗೆದ್ದೆ ಎಂದುಕೊಂಡೆ. ಹೆಗ್ಗಳಿಕೆಯಿಂದ ಮೇಡಂ ಕಡೆ ತಿರುಗಿದೆ. ಅವರು ಪೆನ್ನಿಗೆ ಕ್ಯಾಪು ಹಾಕಿದರು.

"ಬೇಡ ಮೋಹನ್."

"ಯಾಕ್ರೀ? ನಿಮಗೆ ಗೊತ್ತಿರೋ ಕೆಲ್ಸಾನೇ ಅಲ್ವಾ?"

"ಇವನಿಗೆ ಬರಲ್ಲ ಅಂತ ನನಗೆ ಕೊಡ್ಬೇಡಿ. ನನ್ನದು ಅಂತ ಕೊಡಿ."

"ಎರಡೂ ಒಂದೇ ಅಲ್ವೇನ್ರೀ?"

"ಒಂದೇ ಆಗಿದ್ರೆ ಎರಡನೇದನ್ನೇ ಹೇಳಿ."

ಮೋಹನ್ ಸಾರ್ ಅವರನ್ನು ನೋಡಿದರು, ಅವರ ಮುಂದಿದ್ದ ಖಾಲಿ ಹಾಳೆಯನ್ನು ನೋಡಿದರು, ಕೊನೆಗೆ ಪರದೆಯ ಮೇಲಿದ್ದ ನನ್ನ ಎಡವಟ್ಟು ವಿನ್ಯಾಸದ ಚಿತ್ರವನ್ನು ನೋಡಿದರು. ಕಿವಿ ಮೊದಲು ಕೆಂಪಾಯಿತು, ಆಮೇಲೆ ಕೆನ್ನೆ. "ನಿಮ್ಮದೇ ಕಣ್ರೀ," ಎಂದರು ಮೆಲ್ಲಗೆ. ಆ ದನಿಯಲ್ಲಿ ಜೇನಿರಲಿಲ್ಲ. "ಮುಂಚಿಂದ್ಲೂ ನಿಮ್ಮದೇ. ನಾನು ತೆಗೀಬಾರ್ದಿತ್ತು. ಬನ್ನಿ, ಹೇಳಿ." ಆಮೇಲೆ ನನ್ನ ಕಡೆ ತಿರುಗಿ, "ಮುನಿರಾಜು, ನಾನು ಅಷ್ಟೊಂದು ಎಳೆದು ಮಾತಾಡ್ತೀನಾ?" ಎಂದರು. ಇಲ್ಲ ಸಾರ್ ಎಂದೆ. ಸುಳ್ಳು ಹೇಳುವಾಗ ಮಾತ್ರ ನನಗೆ ನನ್ನ ಸ್ವಂತ ದನಿ ಬರುತ್ತದೆ.

ವಸುಧಾ ಮೇಡಂ ಎದ್ದು ನಿಂತು ಒಂದು ಗಂಟೆ ಮಾತಾಡಿದರು. ಸಭೆ ಮುಗಿದ ಮೇಲೆ ಥ್ಯಾಂಕ್ಸ್ ಹೇಳಬಹುದೆಂದು ಮುಖ ಅರಳಿಸಿಕೊಂಡು ಕಾದೆ.

"ನನ್ನ ಪರವಾಗಿ ನಾಟಕ ಆಡು ಅಂತ ಹೇಳಿದ್ನೇನೋ ನಿಂಗೆ?"

"ಇಲ್ಲ ಮೇಡಂ. ಸಿಟ್ಟು ಬಂತು."

"ನಂಗೆ ಬರ್ಲಿಲ್ವಾ? ನೀನು ಸಿಟ್ಟು ತೋರ್ಸಿದ್ರೆ ತಮಾಷೆ ಹುಡುಗ ಅಂತಾರೆ. ನಾನು ತೋರ್ಸಿದ್ರೆ ಹೆರಿಗೆ ಆದ್ಮೇಲೆ ಸಿಡುಕು ಜಾಸ್ತಿ ಆಗಿದೆ, ಇನ್ನೂ ಸ್ವಲ್ಪ ರೆಸ್ಟ್ ತಗೊಳ್ಲಿ ಅಂತಾರೆ. ಅದಕ್ಕೇ ಬಾಯ್ಮುಚ್ಕೊಂಡಿದ್ದೆ."

ಸಿಟ್ಟು ಮಾಡಿಕೊಳ್ಳುವುದಕ್ಕೂ ಆಫೀಸಿನಲ್ಲಿ ಒಂದು ಪರವಾನಗಿ ಬೇಕು, ಅದು ನನಗೆ ಬಿಟ್ಟಿಯಾಗಿ ಸಿಕ್ಕಿದೆ ಎಂದು ಅವತ್ತಿನವರೆಗೆ ಗೊತ್ತೇ ಇರಲಿಲ್ಲ. ಇಷ್ಟು ದಿನ ಅದನ್ನು ಕ್ಯಾಂಟೀನಿನಲ್ಲಿ ಚಪ್ಪಾಳೆಗಾಗಿ ಪೋಲು ಮಾಡುತ್ತಿದ್ದೆನಲ್ಲ ಎಂದು ನನ್ನ ಮೇಲೂ ಸಿಟ್ಟು ಬಂತು. ಅದು ಬರಬೇಕಾದದ್ದೇ.

ಮುಂದಿನ ವಾರ ಮೋಹನ್ ಸಾರ್ ದಾಪುಗಾಲು ಹಾಕುತ್ತಾ ಮೇಡಂ ಕುರ್ಚಿಯ ಬಳಿ ಬಂದರು. "ಏನ್ರೀ ವಸುಧಾ, ಇವತ್ತು ಕೊಡ್ತೀನಿ ಅಂದಿದ್ರಿ! ಎಲ್ರೀ? ಕಸ್ಟಮರ್ ನನ್ನ ಪ್ರಾಣ ತೆಗೀತಿದಾನೆ!" ಇಡೀ ಮಹಡಿಗೆ ಕೇಳಿಸುವ ದನಿ, ಟೇಕ್ ಇಟ್ ಈಸಿಯ ಸುಳಿವೇ ಇಲ್ಲ. ಈಗ ತಾನೇ ವಾಪಸು ಬಂದವರ ಮೇಲೆ ಈ ಪರಿ ಕೂಗಾಡುವುದೇ ಎಂದು ನನ್ನ ರಕ್ತ ಕುದಿಯಿತು. ಅರ್ಧ ಎದ್ದೂಬಿಟ್ಟೆ. ಅಷ್ಟರಲ್ಲಿ ಮೇಡಂ ಮುಖ ಕಾಣಿಸಿತು.

"ಕೂಗ್ಬೇಡಿ ಮೋಹನ್, ಸಾಯಂಕಾಲ ಅಂದಿದ್ದೆ, ಬೆಳಿಗ್ಗೆ ಅಂದಿರ್ಲಿಲ್ಲ! ನಿಮ್ಮ ಕಸ್ಟಮರ್‌ಗೆ ಗಡಿಯಾರ ನೋಡೋದು ಕಲ್ಸಿ ಹೋಗಿ!" ಎಂದು ಅವರು ಇನ್ನೂ ಜೋರಾಗಿ ಕೂಗುತ್ತಿದ್ದರು. ವಾಪಸು ಬಂದ ಮೇಲೆ ಮೊದಲ ಸಲ, ಅವರ ಮುಖದಲ್ಲಿ ಹಬ್ಬದ ಕಳೆಯಿತ್ತು. ನಾನು ಸದ್ದಿಲ್ಲದೆ ಕೂತುಕೊಂಡೆ.