ಕಾಗೆಕಾಲು

ನಾನು ಕೆಲಸ ಮಾಡುವುದು ಲಕ್ಷ್ಮೀಪುರಂನ ಒಂದು ಒಡವೆ ಅಂಗಡಿಯ ಹಿಂದಿನ ಕೋಣೆಯಲ್ಲಿ. ಭೂವಿಜ್ಞಾನದಲ್ಲಿ ಎಂ.ಎಸ್‌ಸಿ. ಮುಗಿಸಿ ವಜ್ರ ಪರೀಕ್ಷೆಯ ತರಬೇತಿ ಪಡೆದವಳು. ಬಂದ ಕಲ್ಲನ್ನು ತೂಗುತ್ತೇನೆ. ಒಂದು ಕ್ಯಾರಟ್ಟಿಗೆ ನೂರು ಸೆಂಟ್. ಬಿಳಿ ಕಾಗದದ ಮೇಲೆ ಮಗುಚಿಟ್ಟು, ಮಾದರಿ ಕಲ್ಲುಗಳ ಪಕ್ಕದಲ್ಲಿ ಅದರ ಹಳದಿ ಛಾಯೆ ಎಷ್ಟೆಂದು ನೋಡುತ್ತೇನೆ. ಕಟಿಂಗ್ ಸರಿಯಿಲ್ಲದಿದ್ದರೆ ಬೆಳಕು ತಳದಿಂದ ಸೋರಿಹೋಗುತ್ತದೆ, ಅದನ್ನೂ ಗುರುತಿಸುತ್ತೇನೆ. ಕೊನೆಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪನ್ನು ಕಣ್ಣಿಗೆ ಹಿಡಿದು ಒಳಗಿನ ಬಿರುಕು, ಚುಕ್ಕೆ ಹುಡುಕುತ್ತೇನೆ. ಹತ್ತು ಪಟ್ಟಿನಲ್ಲಿ ಕಾಣದ್ದು ಇಲ್ಲವೆಂದೇ ನಮ್ಮ ಲೆಕ್ಕ. ಕಂಡದ್ದನ್ನಷ್ಟೇ ಚೀಟಿಯಲ್ಲಿ ಬರೆಯುತ್ತೇನೆ.

ಗಿರಾಕಿಗಳಿಗೆ ಅಷ್ಟು ಸಾಲದು. ವಜ್ರ ಎಲ್ಲರಿಗೂ ಆಗಿಬರುವುದಿಲ್ಲ ಎಂಬ ನಂಬಿಕೆ ಇಲ್ಲಿ ಹಳೆಯದು. ಕೊಳ್ಳುವ ಮೊದಲು ಮೂರು ದಿನ ಮನೆಯಲ್ಲಿಟ್ಟುಕೊಂಡು, ಕೆಟ್ಟ ಕನಸು ಬಿದ್ದರೆ ವಾಪಸು ತರುತ್ತಾರೆ.

“ಮೂರು ದಿನ ಇಟ್ಕೊಂಡು ನೋಡ್ಲಾ?” ಎಂದು ಹೋದ ತಿಂಗಳು ಒಬ್ಬ ಹೆಂಗಸು ಕೇಳಿದರು.

“ಧಾರಾಳವಾಗಿ ಇಟ್ಕೊಳಿ ತಾಯಿ,” ಎಂದರು ನಮ್ಮ ಮಾಲೀಕರು. “ಆದ್ರೆ ಕನಸಲ್ಲಿ ನಿಮ್ಮತ್ತೆ ಬಂದ್ರೆ ತಪ್ಪನ್ನ ಕಲ್ಲಿನ ಮೇಲೆ ಹಾಕ್ಬೇಡಿ ಕಣ್ರೀ.”

ಆಕೆ ನಕ್ಕರು. ನನಗೆ ನಗು ಬರಲಿಲ್ಲ.

ನನ್ನ ಅಮ್ಮ ಮೂರು ದಿನ ಕಾಯಲಿಲ್ಲ. ನಾನು ಹುಟ್ಟುವ ಮೊದಲಿನ ಮಾತು. ನಜರ್‌ಬಾದಿನಲ್ಲಿ ನೆಂಟರ ಮದುವೆಯಿತ್ತು. ಹಿಂದಿನ ದಿನ ಒಂಟಿ ವಜ್ರದ ಮೂಗುಬೊಟ್ಟು ಕೊಂಡು, ಬೆಳಿಗ್ಗೆ ಹಾಕಿಕೊಂಡು ಹೊರಟಳು. ಎಂಟು ತಿಂಗಳ ಮಗನಿಗೆ ಜ್ವರವಿತ್ತು. ಅವನನ್ನು ಅಜ್ಜಿಯ ಬಳಿ ಬಿಟ್ಟಿದ್ದಳು. ಸಂಜೆ ಬರುವಷ್ಟರಲ್ಲಿ ಆಸ್ಪತ್ರೆಗೆ ಒಯ್ದಿದ್ದರು. ಮಗು ಉಳಿಯಲಿಲ್ಲ.

ಕಲ್ಲಿನಲ್ಲಿ ಕಾಗೆಕಾಲು ಇದೆ ಎಂದರು ಅಜ್ಜಿ. ಕಾಗೆಯ ಹೆಜ್ಜೆಯಂತೆ ಮೂರು ಕವಲಿನ ಕಪ್ಪು ದೋಷ. ಅಮ್ಮ ಮರುಮಾತಿಲ್ಲದೆ ಒಪ್ಪಿಕೊಂಡು ಬೊಟ್ಟನ್ನು ಬೀರುವಿನ ತಳಕ್ಕೆ ಸೇರಿಸಿದಳು. ಅಣ್ಣನ ಸಾವಿಗೆ ನಮ್ಮ ಮನೆಯಲ್ಲಿ ಇರುವುದು ಅದೊಂದೇ ಕಾರಣ. ಕಲ್ಲು ಚೊಕ್ಕವಾಗಿದ್ದರೆ, ಜ್ವರದ ಮಗುವನ್ನು ಬಿಟ್ಟು ಹೋದದ್ದು ಮಾತ್ರ ಉಳಿಯುತ್ತದೆ.

ಈ ವರ್ಷ ಒಂದು ಭಾನುವಾರ ಮಧ್ಯಾಹ್ನ, ಸರಸ್ವತಿಪುರಂನ ನಮ್ಮ ಮನೆಯಲ್ಲಿ, ಅಮ್ಮ ಆ ಮೂಗುಬೊಟ್ಟಿನ ಡಬ್ಬಿಯನ್ನು ಊಟದ ಮೇಜಿನ ಮೇಲಿಟ್ಟಳು.

“ಊರವರ ಕಲ್ಲೆಲ್ಲ ನೋಡ್ತೀಯ. ಇದನ್ನೂ ನೋಡ್ಬುಡು. ಅಜ್ಜಿ ಹೇಳಿದ್ದು ಇದ್ಯಾ ಅಂತ.”

ಕಲ್ಲಿನ ಹಿಂದೆ ಅರಿಶಿನ ಒಣಗಿ ಅಂಟಿತ್ತು. ಮದುವೆಯ ಬೆಳಿಗ್ಗೆ ಮುಖಕ್ಕೆ ಹಚ್ಚಿಕೊಂಡದ್ದು. ಆಮೇಲೆ ಯಾರೂ ತೊಳೆದಿರಲಿಲ್ಲ. ಬೆಚ್ಚನೆಯ ಸೋಪಿನ ನೀರಿನಲ್ಲಿ ಉಜ್ಜಿದೆ. ಬಟ್ಟಲು ಹಳದಿಯಾಯಿತು. ಆ ನೀರನ್ನು ಚೆಲ್ಲಲು ಅಮ್ಮ ಬಿಡಲಿಲ್ಲ.

ಅಡ್ಡಳತೆ ಮೂರೂವರೆ ಮಿಲಿಮೀಟರಿಗೆ ಸ್ವಲ್ಪ ಕಡಿಮೆ, ಅಂದರೆ ಸುಮಾರು ಹದಿನೈದು ಸೆಂಟ್. ಬಣ್ಣ ಬಿಳಿ. ಕಿಟಕಿಯ ಬೆಳಕಿಗೆ ಹಿಡಿದು, ಲೂಪಿನಲ್ಲಿ ಮುಂದೆ, ಹಿಂದೆ, ಅಂಚು ತಿರುಗಿಸಿ ನೋಡಿದೆ. ಏನೂ ಇರಲಿಲ್ಲ.

“ಸರಿಯಾಗಿ ನೋಡೇ.”

ಮತ್ತೆ ನೋಡಿದೆ. ಇಷ್ಟು ಚೊಕ್ಕ ಕಲ್ಲು ಅಂಗಡಿಗೂ ಅಪರೂಪಕ್ಕೆ ಬರುತ್ತದೆ.

“ಇಷ್ಟೊತ್ತು ಯಾಕೆ? ತಾ ಇಲ್ಲಿ,” ಎಂದು ಅಮ್ಮ ಲೂಪನ್ನು ಕಸಿದುಕೊಂಡು ಕಲ್ಲಿನ ಮೇಲೆ ಬಾಗಿದಳು.

“ಹೂಂ. ಮೂರು ಕವಲು. ಕಪ್ಪಗೆ ಕೂತಿದೆ.”

ಅಷ್ಟು ಹತ್ತಿರ ಬಾಗಿದರೆ ನೋಡುವವರ ತಲೆಯ ನೆರಳೇ ಕಲ್ಲಿನೊಳಗೆ ಕಪ್ಪು ಗೆರೆಗಳಾಗಿ ಕಾಣುತ್ತದೆ. ತರಬೇತಿಯ ಮೊದಲ ವಾರ ನಾನೂ ಮೋಸಹೋಗಿದ್ದೆ. ಕಲ್ಲನ್ನು ಸ್ವಲ್ಪ ಓರೆ ಮಾಡಿದರೆ ನೆರಳು ಸರಿಯುತ್ತದೆ, ದೋಷ ಸರಿಯುವುದಿಲ್ಲ. ಓರೆ ಮಾಡಿ ನೋಡಮ್ಮ ಎಂದಿದ್ದರೆ ಸಾಕಿತ್ತು.

“ನಿಂಗೂ ಕಾಣ್ತಲ್ವಾ?”

“ಕಾಣ್ತು,” ಎಂದೆ.

ಅಮ್ಮ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ಆಮೇಲೆ ಹೇಳಿದಳು: “ಇದನ್ನ ಮಾರ್ಬಾರ್ದು ಕಣೆ. ಇನ್ನೊಬ್ಬರ ಮನೆಗೆ ಹೋಗೋದು ಬೇಡ. ನಿನ್ ಹತ್ರಾನೇ ಇರ್ಲಿ. ನೀನು ಇಂಥವನ್ನೆಲ್ಲ ನಂಬಲ್ವಲ್ಲ.”

ಈಗ ಅದು ನನ್ನ ಕೈಚೀಲದಲ್ಲಿರುತ್ತದೆ. ಊಟದ ಬಿಡುವಿನಲ್ಲಿ, ಕೋಣೆಯಲ್ಲಿ ಯಾರೂ ಇಲ್ಲದಾಗ, ಸೂಕ್ಷ್ಮದರ್ಶಕದ ಕೆಳಗಿಡುತ್ತೇನೆ. ಮೊದಲು ಇಪ್ಪತ್ತು ಪಟ್ಟು, ಆಮೇಲೆ ನಲವತ್ತು. ಕೂದಲೆಳೆಯಷ್ಟು ಏನಾದರೂ ಸಿಕ್ಕರೆ ಅಮ್ಮನಿಗೆ ಹೇಳಿದ್ದು ನಿಜವಾಗುತ್ತದೆ. ಮೊನ್ನೆ ಅರವತ್ತಕ್ಕೆ ಏರಿಸಿದೆ. ಇನ್ನೂ ಏನೂ ಸಿಕ್ಕಿಲ್ಲ.