ಅರವತ್ತಕ್ಕೆ ನಿಂತ ಎಣಿಕೆ

ನಮ್ಮಕ್ಕನಿಗೆ ಸುಮ್ಮನಿರುವುದು ಹುಟ್ಟಿನಿಂದಲೇ ಬಂದಿಲ್ಲ. ಮಲೇರಿಯಾ ಸಂಶೋಧಕರ ಸಮ್ಮೇಳನಕ್ಕೆ ಹೋಗಿ ಭಾಷಣಗಳ ವರದಿ ಬರೆಯಲು ಸ್ವಯಂಸೇವಕರು ಬೇಕು ಎಂದು ಲ್ಯಾಬ್ ನೌಕರರ ಸಂಘದ ಪತ್ರಿಕೆಯಲ್ಲಿ ಎರಡು ಸಾಲು ಬಂದದ್ದೇ ತಡ, ಮೂರು ದಿನ ರಜೆ ಹಾಕಿ ಹೆಸರು ಕೊಟ್ಟು ಬಂದಳು.

"ಅಲ್ಲಕ್ಕ, ಇಪ್ಪತ್ತಾರು ವರ್ಷ ಜ್ವರದವರ ರಕ್ತ ನೋಡಿ ಸಾಕಾಗಿಲ್ವಾ? ರಜೆಯಲ್ಲೂ ಸೊಳ್ಳೆ ಕಥೆನೇ ಕೇಳ್ಬೇಕಾ?"

"ನಾನು ನೋಡಿದ ಸ್ಲೈಡೆಲ್ಲ ಎಲ್ಲಿಗೆ ಹೋಗ್ತವೆ, ಏನಾಗ್ತವೆ ಅಂತ ಒಂದ್ಸಲನಾದ್ರೂ ತಿಳ್ಕೋಬೇಡ್ವೇನೋ? ನೀನು ಟೈಪ್ ಮಾಡಿಕೊಡು, ಸಾಕು."

ನನ್ನದು ಡಿಟಿಪಿ ಅಂಗಡಿ. ಸ್ವಂತ ತಮ್ಮನಾದ ಮೇಲೆ ಇಲ್ಲ ಎನ್ನುವ ಹಾಗಿಲ್ಲ.

ಮೊದಲೆರಡು ದಿನದ ವರದಿ ಚೆನ್ನಾಗಿಯೇ ಬಂತು. ಯಾರೋ ದೊಡ್ಡ ಪ್ರೊಫೆಸರು ಗಡಗಡನೆ ಓದುತ್ತಿದ್ದಾಗ ಇವಳು ಎದ್ದು ನಿಂತು, "ಸಾರ್, ಸ್ವಲ್ಪ ನಿಧಾನಕ್ಕೆ ಹೇಳಿ, ಬರ್ಕೋಬೇಕು" ಎಂದಳಂತೆ. ಹೇಳಿಕೊಂಡು ನಕ್ಕಿದ್ದೇ ನಕ್ಕಿದ್ದು.

ಮೂರನೆಯ ದಿನದ ಹಾಳೆ ಕೊಡುವಾಗ ನಗು ಇರಲಿಲ್ಲ.

ಆರೋಗ್ಯ ಕೇಂದ್ರದ ಲ್ಯಾಬಿನಲ್ಲಿ ಅವಳು ಮಾಡುವ ಕೆಲಸದ ಒಂದು ಕಟ್ಟಳೆ ಹೇಳಬೇಕು. ಸೂಕ್ಷ್ಮದರ್ಶಕದಲ್ಲಿ ಒಮ್ಮೆಗೆ ಕಾಣುವ ದುಂಡನೆಯ ಜಾಗಕ್ಕೆ ಅವರು ಫೀಲ್ಡ್ ಎನ್ನುತ್ತಾರೆ. ರಕ್ತ ಸವರಿದ ಗಾಜಿನ ಸ್ಲೈಡನ್ನು ಸರಿಸುತ್ತ ನೂರು ಫೀಲ್ಡ್ ನೋಡಿ, ಎಲ್ಲೂ ರೋಗಾಣು ಕಾಣದಿದ್ದರೆ ಮಾತ್ರ 'ಇಲ್ಲ' ಎಂದು ಬರೆಯಬೇಕು; ಕಂಡರೆ ಎಣಿಕೆ ಅಲ್ಲಿಗೇ ನಿಲ್ಲುತ್ತದೆ. ಲೆಕ್ಕ ತಪ್ಪದಿರಲೆಂದು ಎಡಗೈಯಲ್ಲಿ ಫೀಲ್ಡಿಗೊಮ್ಮೆ ಒತ್ತುವ, ಟಿಕ್ ಟಿಕ್ ಎನ್ನುವ ಎಣಿಕೆ ಯಂತ್ರ ಇರುತ್ತದೆ. ಹಿಂದಿನ ಮಳೆಗಾಲದಲ್ಲಿ ಜ್ವರದವರ ಸಾಲು ಗೇಟಿನಾಚೆಗೂ ಬೆಳೆದಿತ್ತು. ಅಕ್ಕ ಅರವತ್ತಕ್ಕೇ ನಿಲ್ಲಿಸತೊಡಗಿದಳು. ಇದನ್ನು ಯಾರಿಗೂ ಹೇಳಿರಲಿಲ್ಲ.

ಮೂರನೆಯ ದಿನ ಮಾತಾಡಿದ ಸಂಶೋಧಕಿ ಅದೇ ಮಳೆಗಾಲದ ಸ್ಲೈಡುಗಳನ್ನು ಮತ್ತೆ ಓದಿಸಿದ್ದಳು. ಒಂದು ಕೇಂದ್ರದಲ್ಲಿ 'ಇಲ್ಲ' ಎಂದು ಬರೆದ ಹನ್ನೊಂದು ಸ್ಲೈಡುಗಳಲ್ಲಿ ರೋಗಾಣು ಇತ್ತು. ಕೇಂದ್ರದ ಹೆಸರು ಹೇಳಲಿಲ್ಲ. ಪರದೆಯ ಮೇಲೆ ಹನ್ನೊಂದರ ಚಿತ್ರವೂ ಬಂತು. ಸ್ಲೈಡಿನ ತುದಿಯಲ್ಲಿ ಪೆನ್ಸಿಲಿನಲ್ಲಿ ಬರೆದ ಸಂಖ್ಯೆಗಳು, ಎಡಕ್ಕೆ ವಾಲಿದ ಅಕ್ಕನ ಕೈಬರಹ.

ಅಕ್ಕ ಕೈಯೆತ್ತಿ, "ಈ ರೋಗಿಗಳಿಗೆಲ್ಲ ತಿಳಿಸಿದ್ದೀರಾ?" ಎಂದು ಕೇಳಿದಳು. ನಮ್ಮ ಹತ್ತಿರ ನಂಬರ್ ಮಾತ್ರ ಇದೆ, ಹೆಸರಿಲ್ಲ ಎಂದಳು ಆಕೆ. ಹೆಸರಿದ್ದ ರಿಜಿಸ್ಟರ್ ಅಕ್ಕನ ಮೇಜಿನ ಖಾನೆಯಲ್ಲಿತ್ತು. ಅಕ್ಕ ಆ ಹನ್ನೊಂದು ಸಂಖ್ಯೆಗಳನ್ನು ಬರೆದುಕೊಂಡಳು.

ವರದಿಯ ಕೊನೆಯಲ್ಲಿ ಹೀಗಿತ್ತು: "ಆ ಕೇಂದ್ರದಲ್ಲಿ ಸ್ಲೈಡ್ ಓದಿದವಳು ನಾನೇ. ಅರವತ್ತಕ್ಕೆ ನಿಲ್ಲಿಸಿದ್ದೆ."

ನನಗೆ ಸಿಟ್ಟು ನೆತ್ತಿಗೇರಿತು. "ನಿನಗೇನು ತಲೆ ಕೆಟ್ಟಿದೆಯಾ? ಸ್ವಂತದ್ದೇನೂ ಸೇರಿಸ್ಬೇಡಿ ಅಂತ ಪತ್ರಿಕೆ ಸಂಪಾದಕರೇ ಹೇಳಿದ್ದಾರೆ. ಕೆಲಸಕ್ಕೇ ಕುತ್ತು ಬರುತ್ತೆ. ಬಿಟ್ಬಿಡಕ್ಕ, ಯಾರಿಗೂ ಗೊತ್ತಾಗಲ್ಲ."

"ಯಾರಿಗೂ ಗೊತ್ತಾಗ್ಲಿಲ್ಲ ಅಂತಾನೇ ಕಣೋ ಆ ಹನ್ನೊಂದು ಜನ ಮಾತ್ರೆ ಇಲ್ಲದೆ ಮಲಗಿದ್ದು. ಟೈಪ್ ಮಾಡು."

ಮಾಡಿದೆ. ಭಯವಾಯಿತು, ಸುಳ್ಳು ಹೇಳುವುದಿಲ್ಲ. ಅಕ್ಷರ ಎರಡು ಸಲ ತಪ್ಪಿತು.

ಮರುದಿನ ರಜೆ ಮುಗಿಯಿತು. ಅವಳು ಮೊದಲು ವೈದ್ಯಾಧಿಕಾರಿಗೆ ಎಲ್ಲ ಹೇಳಿದಳು. ಬೈಸಿಕೊಂಡಳು, ನೋಟಿಸೂ ಸಿಕ್ಕಿತು. ಆಮೇಲೆ ರಿಜಿಸ್ಟರ್ ಹಿಡಿದು ನನ್ನ ಸ್ಕೂಟರಿನ ಹಿಂದೆ ಕೂತಳು. ಮೊದಲನೆಯ ವಿಳಾಸ ಒಬ್ಬ ಬಸ್ ಚಾಲಕನದು. ಮನುಷ್ಯ ಬಾಗಿಲಿಗೆ ಒರಗಿಕೊಂಡೇ ನಿಂತಿದ್ದ. ಜ್ವರ ಬಿಟ್ಟು ಬಿಟ್ಟು ಬರುತ್ತಿದೆಯಂತೆ.

"ಅವತ್ತು ಏನೂ ಇಲ್ಲ ಅಂದಿದ್ದು ನೀವೇ ಅಲ್ವಾ ಮೇಡಂ?"

"ಹೌದಪ್ಪ. ತಪ್ಪು ಹೇಳಿದ್ದೆ. ಇನ್ನೊಂದ್ಸಲ ಬೆರಳು ಕೊಡ್ತೀಯಾ?"

ಅವನು ಅಂಗಿ ಹಾಕಿಕೊಂಡು ನಮ್ಮ ಜೊತೆ ಹೊರಟ.

ಲ್ಯಾಬಿನ ಹೊರಗಿನ ಬೆಂಚಿನಲ್ಲಿ ಅವನ ಪಕ್ಕದಲ್ಲೇ ಕೂತೆ. ಒಳಗಿನಿಂದ ಎಣಿಕೆ ಯಂತ್ರದ ಸದ್ದು ಕೇಳುತ್ತಿತ್ತು. ನಾನೂ ಮನಸ್ಸಿನಲ್ಲೇ ಎಣಿಸಿದೆ. ಅರವತ್ತಾಯಿತು. ಸದ್ದು ನಿಲ್ಲಲಿಲ್ಲ. ಎಪ್ಪತ್ತು, ಎಂಬತ್ತು. ತೊಂಬತ್ತೊಂದಕ್ಕೆ ನಿಂತಿತು.

ಅಕ್ಕ ಬಾಗಿಲಿಗೆ ಬಂದಳು. ಕಣ್ಣು ತುಂಬಿತ್ತು.

"ಸಿಕ್ತಪ್ಪ," ಎಂದಳು. "ಬಾ, ಮಾತ್ರೆ ಕೊಡಿಸ್ತೀನಿ."