ಎರಡು ಗುಟುಕು ನೀರು

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಗಡಿಯಾರದಕ್ಕ ಎನ್ನುತ್ತಿದ್ದರು. ಆರು ಗಂಟೆಯ ಮಾತ್ರೆ ಆರಕ್ಕೇ ಆಗಬೇಕು. ಕೆಲಸ ಮುಗಿಸಿ ಗೇಟಿನ ತನಕ ಹೋದವಳು ಮತ್ತೆ ಮೆಟ್ಟಿಲು ಹತ್ತಿ ಬಂದು ಡ್ರಿಪ್ಪಿನ ಹನಿ ಎಣಿಸುತ್ತಿದ್ದಳು. "ಮದುವೆ ದಿನವೂ ಗಂಡನ ನಾಡಿ ಹಿಡಿದು ನೋಡಿರ್ತಾಳೆ" ಎಂದು ಜೊತೆಯ ನರ್ಸುಗಳು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಮೊದಲಿಂದ ಅವಳು ಹಾಗಿರಲಿಲ್ಲ. ಕೆಲಸಕ್ಕೆ ಸೇರಿದ ವರ್ಷ, ಹೊಟ್ಟೆಯ ಆಪರೇಷನ್ ಆದ ಲಾರಿ ಡ್ರೈವರೊಬ್ಬ ಕಿಟಕಿಯ ಪಕ್ಕದ ಮಂಚದಲ್ಲಿದ್ದ. ಅವನಿಗೆ ತೊಟ್ಟು ನೀರೂ ಕೊಡಕೂಡದೆಂದು ವಾರ್ಡಿನ ದೊಡ್ಡ ಸಿಸ್ಟರು ಕಟ್ಟಪ್ಪಣೆ ಮಾಡಿದ್ದರು. ಮಧ್ಯಾಹ್ನ ಅವನು "ತಂಗೀ, ಒಂದೇ ಗುಟುಕು" ಎಂದು ಅಂಗಲಾಚಿದ. ಇವಳು ಎರಡು ಗುಟುಕು ಕುಡಿಸಿದಳು. ಮರುದಿನ ಅವನು ತೀರಿಕೊಂಡ.

ಅಳುತ್ತಾ ಹೋಗಿ ಡಾಕ್ಟರಿಗೆ ಹೇಳಿದಳು. ಒಳಗೆ ರಕ್ತ ಸೋರಿತ್ತು, ನೀರಿಗೂ ಸಾವಿಗೂ ಸಂಬಂಧವಿಲ್ಲ ಎಂದರು ಅವರು. "ಪಾಪ, ಹುಡುಗಿ. ಕರುಳು ಕೇಳಲಿಲ್ಲ, ಕೊಟ್ಟುಬಿಟ್ಟಿದ್ದಾಳೆ" ಎಂದು ವಾರ್ಡಿಗೆ ವಾರ್ಡೇ ಮರುಗಿತು. ಆ 'ಪಾಪ' ಎಂಬ ಮಾತು ಮಾತ್ರ ಅವಳ ಕಿವಿಯಲ್ಲಿ ಬೇರೆಯೇ ಅರ್ಥದಲ್ಲಿ ಉಳಿದುಬಿಟ್ಟಿತು. ಆಮೇಲೆ ಮೂವತ್ತೆರಡು ವರ್ಷ ಯಾರ ಅಪ್ಪಣೆಯನ್ನೂ ಮೀರಲಿಲ್ಲ. ನೆಮ್ಮದಿಯೂ ಸಿಗಲಿಲ್ಲ.

ನಿವೃತ್ತಳಾದ ಮೇಲೆ ಒಂದು ಭಾನುವಾರ ಚರ್ಚಿನಲ್ಲಿ ಪಾದ್ರಿ ಆದಾಮ ಹವ್ವರ ಕಥೆ ಹೇಳಿದರು. ದೇವರು ಬೇಡವೆಂದ ಹಣ್ಣು ತಿನ್ನುವಂತೆ ಸರ್ಪ ಹವ್ವಳನ್ನು ಮರುಳು ಮಾಡಿತು ಎಂದದ್ದೇ ತಡ, ಅವಳಿಗೆ ಬೆಂಚಿನ ಮೇಲೆ ಕೂರಲಾಗಲಿಲ್ಲ. ಪೂಜೆ ಮುಗಿದ ಕೂಡಲೇ ಪಾಪನಿವೇದನೆಗೆ ಹೋಗಿ ನೀರಿನ ಸಂಗತಿ ಹೇಳಿದಳು.

"ಕನಿಕರದಿಂದ ಕೊಟ್ರಿ ಅಮ್ಮ. ದೇವರು ಮನಸ್ಸು ನೋಡ್ತಾನೆ" ಎಂದರು ಪಾದ್ರಿ.

"ಅದೇ ನನ್ನ ಭಯ ಫಾದರ್. ಅವತ್ತು ಬೆಳಿಗ್ಗೆ ದೊಡ್ಡ ಸಿಸ್ಟರು ಹಾಸಿಗೆ ಬಟ್ಟೆ ಸುಕ್ಕಾಗಿದೆ ಅಂತ ಎಲ್ಲರೆದುರು ನನ್ನ ಮಾನ ಕಳೆದಿದ್ರು. ಲೋಟ ಎತ್ತಿದಾಗ ನನ್ನ ಕಣ್ಮುಂದೆ ಇದ್ದದ್ದು ಅವರ ಮುಖ, ರೋಗಿದಲ್ಲ. ನನ್ನನ್ನ ಯಾವ ಸರ್ಪಾನೂ ಮರುಳು ಮಾಡ್ಲಿಲ್ಲ. ಬೇಡ ಅಂದಿದ್ರು, ಅದಕ್ಕೇ ಕೊಟ್ಟೆ."

ಪಾದ್ರಿ, "ಪ್ರೀತಿಸ್ಲಿ ಅಂತ ದೇವರು ಕೊಟ್ಟ ಸ್ವಾತಂತ್ರ್ಯ ಅಮ್ಮ ಅದು. ಅದರಿಂದಲೇ ಅವನ ಮಾತು ಮೀರೋಕೂ ಆಗುತ್ತೆ. ಎರಡಕ್ಕೂ ಒಂದೇ ಬಾಗಿಲು" ಎಂದು ಕ್ಷಮೆಯ ಪ್ರಾರ್ಥನೆ ಹೇಳಿದರು.

ಅವಳಿಗೆ ಅಷ್ಟು ಸಾಲಲಿಲ್ಲ. ದೊಡ್ಡ ಸಿಸ್ಟರು ಮಗಳ ಮನೆಯಲ್ಲಿದ್ದಾರೆಂದು ವಿಚಾರಿಸಿಕೊಂಡು ಬಸ್ಸು ಹತ್ತಿದಳು. ಎರಡು ಸ್ಟಾಪು ಮೊದಲೇ ಇಳಿದು, ವಾಪಸು ಹೋಗಲೇ ಎಂದು ರಸ್ತೆಬದಿಯಲ್ಲಿ ನಿಂತು, ಕೊನೆಗೆ ನಡೆದೇ ಹೋದಳು.

ಮುದುಕಿ ಕುರ್ಚಿಯಲ್ಲಿ ಒರಗಿ ಎಲ್ಲವನ್ನೂ ಕೇಳಿಸಿಕೊಂಡರು. "ಆ ಹಾಸಿಗೆ ನೆಟ್ಟಗೇ ಇತ್ತು ಕಣೇ. ನಂಗೂ ಗೊತ್ತಿತ್ತು" ಎಂದರು.

"ಮತ್ತೆ ಯಾಕೆ ಬೈದ್ರಿ?"

"ಬೈಬಹುದಿತ್ತು, ಬೈದೆ. ಬಿಡಬಹುದಿತ್ತು ಕೂಡ."

ಅವಳು ಎದ್ದು ಕಿಟಕಿಯ ತನಕ ಹೋದಳು, ಬಂದು ಕುಳಿತಳು, ಮತ್ತೆ ಎದ್ದಳು. ಸಿಟ್ಟು ಬಂತು, ಅಳು ಬಂತು, ಯಾವುದೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಮುದುಕಿಯ ಕೈಬೆರಳ ಉಗುರುಗಳು ಬೆಳೆದು ಬಾಗಿದ್ದವು. ಮಗಳ ಹತ್ತಿರ ಕತ್ತರಿ ಕೇಳಿ ತಂದು, ಒಂದೊಂದಾಗಿ ಕತ್ತರಿಸಿದಳು.

ಆಮೇಲೆ ಪ್ರತಿ ಗುರುವಾರ ಹೋಗತೊಡಗಿದಳು. ಚಡಪಡಿಕೆ ಪೂರ್ತಿ ಹೋಗಲಿಲ್ಲ. ಕೆಲವು ಗುರುವಾರ ಹಳೆಯ ಬೈಗುಳ ನೆನಪಾಗಿ ಹೊಸಿಲು ದಾಟಲೂ ಮನಸ್ಸಾಗುತ್ತಿರಲಿಲ್ಲ. ಹೋಗು ಎಂದು ಯಾರೂ ಹೇಳಿರಲಿಲ್ಲ. ಆದರೂ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದಳು.